ದೊಡ್ಡಕ್ಕನ ಚಿತ್ರಕ್ಕೆ ಸೊನ್ನೆ

ನಾಲ್ಕು ಗಂಟೆಯ ಪಾಠಕ್ಕೆ ಇನ್ನು ಹತ್ತು ನಿಮಿಷವಿತ್ತು. ಅಧ್ಯಾಪಕಿ ಮಂಚದ ಮೇಲಿದ್ದ ಒಗೆದ ಬಟ್ಟೆಯ ರಾಶಿಯನ್ನು ಎರಡೂ ತೋಳಲ್ಲಿ ಬಾಚಿ, ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಗೆ ಒತ್ತರಿಸಿದಳು. ಗೋಡೆಗೆ ಒರಗಿಸಿದ್ದ ಚಿತ್ರವೊಂದನ್ನು ನೇರ ಮಾಡಿದಳು. ಕುರ್ಚಿಯಲ್ಲಿ ಕೂತು ಗಂಟಲು ಸರಿಪಡಿಸಿಕೊಂಡಳು. ಇಪ್ಪತ್ತೆರಡು ವರ್ಷ ಇದ್ದಿಲಿನ ಧೂಳಿನಲ್ಲಿ, ಮಕ್ಕಳ ಬೆನ್ನ ಹಿಂದೆ ನಿಂತು ಚಿತ್ರಕಲೆ ಕಲಿಸಿದವಳು ಅವಳು. ವಿಶ್ವವಿದ್ಯಾಲಯ ಆನ್‌ಲೈನ್ ಪದವಿ ಶುರುಮಾಡಿ ಮೂರು ವರ್ಷವಾದರೂ ಈ ಪರದೆಯ ಪಾಠ ಅವಳ ಮೈಗೆ ಹತ್ತಿರಲಿಲ್ಲ.

ಒಂದೊಂದಾಗಿ ಚೌಕಗಳು ತೆರೆದುಕೊಂಡವು. ಒಟ್ಟು ನಲವತ್ತು ಜನ. ಹಲ್ಲಿನ ಡಾಕ್ಟರೊಬ್ಬರಿದ್ದರು, ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದರು, ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಪೆನ್ಸಿಲ್ ಹಿಡಿಯುವ ತಾಯಂದಿರಿದ್ದರು. ಎಲ್ಲರ ಮುಖವೂ ಕಾಣುತ್ತಿತ್ತು, ಒಬ್ಬಳದನ್ನು ಬಿಟ್ಟು. ಕೊನೆಯ ಸಾಲಿನ ಬೂದು ಚೌಕದಲ್ಲಿ ‘ದೊಡ್ಡಕ್ಕ’ ಎಂಬ ಅಕ್ಷರಗಳು ಮಾತ್ರ ಇದ್ದವು. ಮೊದಲ ದಿನ ಅದೇನು ಹೆಸರು ಎಂದು ಕೇಳಿದ್ದಕ್ಕೆ, “ಕೆಲಸದ ಜಾಗದಲ್ಲಿ ಹಂಗೇ ಕರೀತಾರೆ ಮೇಡಂ, ಫೋನಲ್ಲೂ ಯಾರೋ ಹಂಗೇ ಹಾಕಿಬಿಟ್ಟಿದಾರೆ” ಎಂದು ದನಿಯಷ್ಟೇ ಬಂದಿತ್ತು. “ಹಾಗಾದ್ರೆ ನಮಗೂ ದೊಡ್ಡಕ್ಕನೇ” ಎಂದಿದ್ದರು ಪೋಸ್ಟ್‌ಮಾಸ್ಟರ್. ಅದೇ ಉಳಿಯಿತು.

ಪ್ರವೇಶದ ಅರ್ಜಿಯಲ್ಲಿ ‘ಉದ್ಯೋಗ’ ಎಂಬಲ್ಲಿ ಅವಳು ಬರೆದದ್ದು: ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಕೆಲಸ.

ಮೊದಲ ಸೆಮಿಸ್ಟರಿನಲ್ಲಿ ಅವಳು ಬರೆದ ಲೋಟ, ಪೆಟ್ಟಿಗೆಗಳು ಮೇಜಿನ ಮೇಲೆ ಕೂರದೆ ಗಾಳಿಯಲ್ಲಿ ತೇಲುವಂತಿದ್ದವು. ಅಧ್ಯಾಪಕಿ ಪಾಸಾಗುವಷ್ಟು ಅಂಕ ಕೊಟ್ಟು ಸುಮ್ಮನಾಗಿದ್ದಳು. ಎರಡನೆಯ ಸೆಮಿಸ್ಟರಿನ ಕೊನೆಯ ಕೆಲಸ, ಬಟ್ಟೆಯ ಮಡಿಕೆಗಳ ಅಭ್ಯಾಸ. ಕುರ್ಚಿಯ ಮೇಲೆ ಒಂದು ಬಟ್ಟೆ ಹಾಸಿ ಅದು ಬಿದ್ದಂತೆ ಬರೆಯಬೇಕು. ಬಲ್ಲವರೂ ತಡವರಿಸುವ ಪಾಠ ಅದು. ಆ ಬೆಳಿಗ್ಗೆ ದೊಡ್ಡಕ್ಕ ಕಳಿಸಿದ ಚಿತ್ರವನ್ನು ತೆರೆದ ಅಧ್ಯಾಪಕಿ ಅದನ್ನು ಹಿಗ್ಗಿಸಿ ನೋಡಿದಳು. ಬಿಳಿಯ ಹಾಸುಬಟ್ಟೆಯೊಂದು ಕುರ್ಚಿಯ ಬೆನ್ನಿನಿಂದ ಜಾರಿ ನೆಲಕ್ಕಿಳಿದಿತ್ತು. ಎಲ್ಲಿ ಬಟ್ಟೆ ಬಿಗಿದಿದೆ, ಎಲ್ಲಿ ಸೋತು ಕುಸಿದಿದೆ, ಎಲ್ಲಿ ಇನ್ನೂ ತೇವ ಉಳಿದು ಭಾರವಾಗಿದೆ ಎಂಬುದೆಲ್ಲ ಪೆನ್ಸಿಲ್‌ನಲ್ಲಿ ಹೇಳಿದಂತಿತ್ತು.

ಅವಳ ಮನಸ್ಸಿಗೆ ಮೊದಲು ಬಂದದ್ದು ಸಂತೋಷವಲ್ಲ. ಇದು ಇವಳದಲ್ಲ ಎಂಬ ಮಾತು.

ಅಂದಿನ ಪಾಠದಲ್ಲಿ ಎಲ್ಲರ ಚಿತ್ರಗಳನ್ನೂ ತೋರಿಸುತ್ತ ಬಂದಳು. ಡಾಕ್ಟರರ ಚಿತ್ರ ಬಂದಾಗ, “ಎಷ್ಟು ಬೇಗ ಕೈ ಪಳಗಿಸ್ಕೊಂಡ್ರಿ ನೀವು” ಎಂದು ಹೊಗಳಿದಳು. ಆಮೇಲೆ ದೊಡ್ಡಕ್ಕನ ಚಿತ್ರ ಬಂತು.

“ದೊಡ್ಡಕ್ಕ, ಇದನ್ನ ಬರೆದದ್ದು ಯಾರು?”

“ನಾನೇ ಮೇಡಂ.”

“ಹೋದ ಸೆಮಿಸ್ಟರಲ್ಲಿ ಲೋಟ ಬರೆಯೋಕೆ ಬರ್ತಿರಲಿಲ್ಲ ನಿನಗೆ.”

“ಹೌದು ಮೇಡಂ. ಆದ್ರೆ ಇದು ನಂದೇ. ದೇವರಾಣೆಗೂ ನಂದೇ.”

“ಆಣೆ ಯಾಕೆ ಈಗ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.” ಐದಾರು ಚೌಕಗಳಲ್ಲಿ ನಗು ಹೊಮ್ಮಿತು. “ಒಂದು ಕೆಲಸ ಮಾಡು. ಕ್ಯಾಮೆರಾ ಹಾಕು. ನಮ್ಮೆಲ್ಲರ ಎದುರು ಒಂದೇ ಒಂದು ಮಡಿಕೆ ಬರೆದು ತೋರಿಸು.”

ಆ ಕಡೆ ಯಂತ್ರವೊಂದು ಗುಂಯ್‌ಗುಡುವ ಸದ್ದಷ್ಟೇ ಕೇಳಿತು.

“ಈಗ ಆಗಲ್ಲ ಮೇಡಂ. ಇಲ್ಲಿ ಕ್ಯಾಮೆರಾ ಹಾಕೋ ಹಂಗಿಲ್ಲ.”

“ಸರಿ. ಗೊತ್ತಾಯ್ತು ಬಿಡು.”

ಬೂದು ಚೌಕ ಮಾಯವಾಯಿತು. ಉಳಿದ ಚೌಕಗಳು ಸರಿದುಕೊಂಡು ಅದರ ಜಾಗ ತುಂಬಿದವು. ಆ ಸಂಜೆ ಅಧ್ಯಾಪಕಿ ಅಂಕಪಟ್ಟಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ ‘ಕೃತಿ ಸ್ವಂತದ್ದಲ್ಲವೆಂಬ ಬಲವಾದ ಶಂಕೆ’ ಎಂದು ಬರೆದು ಸಹಿ ಮಾಡಿದಳು. ಶಿಸ್ತು ಕಾಪಾಡಿದೆನೆಂಬ ಸಮಾಧಾನ ಅವಳಿಗಿತ್ತು.

ಸೆಮಿಸ್ಟರ್ ಮುಗಿದ ಮೇಲೆ ಎಲ್ಲರೂ ತಮ್ಮ ಮೂಲಚಿತ್ರಗಳನ್ನು, ಅಭ್ಯಾಸದ ಹಾಳೆಗಳ ಸಮೇತ, ಅಂಚೆಯಲ್ಲಿ ಕಳಿಸಬೇಕೆಂಬುದು ನಿಯಮ. ಮೂರು ವಾರದ ನಂತರ ವಿಭಾಗದ ಗುಮಾಸ್ತೆ ಕಟ್ಟುಗಳನ್ನು ತಂದು ಅಧ್ಯಾಪಕಿಯ ಮೇಜಿನ ಮೇಲೆ ಪೇರಿಸಿದಳು. “ಇದೊಂದು ವಿಚಿತ್ರ ನೋಡಿ ಮೇಡಂ. ಓದು ಬಿಡ್ತೀನಿ ಅಂತ ಅರ್ಜಿನೂ ಇಟ್ಟಿದಾರೆ, ನಿಯಮ ಅಂತ ಚಿತ್ರಾನೂ ಕಳ್ಸಿದಾರೆ” ಎಂದು ಒಂದು ಕಟ್ಟನ್ನು ಬೇರೆಯೇ ಇಟ್ಟಳು.

ಅರ್ಜಿಯಲ್ಲಿ ಕಾರಣದ ಎದುರು ‘ಮುಂದುವರಿಸಲು ಇಷ್ಟವಿಲ್ಲ’ ಎಂದಷ್ಟೇ ಇತ್ತು. ಅಧ್ಯಾಪಕಿ ಕಟ್ಟು ಬಿಚ್ಚಿದಳು. ಮೇಲೆ ಆ ಚಿತ್ರ, ಅದರ ಕೆಳಗೆ ಮೂವತ್ತೇಳು ಹಾಳೆ. ಒಂದೂ ಚಿತ್ರದ ಕಾಗದವಲ್ಲ, ಎಲ್ಲವೂ ಆಸ್ಪತ್ರೆಯ ಹಳೆಯ ನಮೂನೆಗಳು. ಒಂದು ಮಗ್ಗುಲಲ್ಲಿ ವಾರ್ಡಿನ ಸಂಖ್ಯೆ, ಹಾಸುಬಟ್ಟೆ ಎಷ್ಟು, ದಿಂಬಿನ ಚೀಲ ಎಷ್ಟು ಎಂಬ ಅಚ್ಚು. ಇನ್ನೊಂದು ಮಗ್ಗುಲಲ್ಲಿ ಮಡಿಕೆಗಳು. ಮೊದಲ ಹಾಳೆಯದು ಮಡಿಕೆಯಲ್ಲ, ಹಗ್ಗ. ಐದನೆಯದರಲ್ಲಿ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಹನ್ನೆರಡನೆಯದರ ಮೂಲೆಯಲ್ಲಿ ಇಸ್ತ್ರಿಯ ಕಂದು ಕಲೆ. ಇಪ್ಪತ್ತರ ಹೊತ್ತಿಗೆ ಬಟ್ಟೆಗೆ ತೂಕ ಬಂದಿತ್ತು. ಒಂದೊಂದರಲ್ಲೂ ತಾರೀಖಿತ್ತು, ಅಂಚಿನಲ್ಲಿ ಗುಂಡಗಿನ ಅಕ್ಷರವಿತ್ತು: ‘ಮೇಡಂ ಹೇಳಿದ್ದು – ಗೆರೆ ಎಲ್ಲಿ ಹುಟ್ಟುತ್ತೆ ನೋಡು, ಎಲ್ಲಿ ಸಾಯುತ್ತೆ ನೋಡು.’ ‘ಮೇಡಂ ಹೇಳಿದ್ದು – ನೆರಳಿಗೆ ಅವಸರ ಮಾಡಬೇಡ.’

ಅಧ್ಯಾಪಕಿ ಹಾಳೆಗಳನ್ನು ಮೊದಲಿನಿಂದ ಮತ್ತೆ ತಿರುವಿದಳು. ಇಷ್ಟು ವರ್ಷದಲ್ಲಿ ತನ್ನ ಮಾತನ್ನು ಇಷ್ಟು ಜತನದಿಂದ ಬರೆದಿಟ್ಟುಕೊಂಡವರನ್ನು ಅವಳು ಕಂಡಿರಲಿಲ್ಲ. ಹಾಗೆ ಬರೆದಿಟ್ಟುಕೊಂಡವಳನ್ನೇ ಕಳ್ಳಿ ಎಂದಿದ್ದಳು.

ಅಂದಿನ ಪಾಠದ ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿತ್ತು. ಬಾಗಿಲು ಹಾಕಿ ಕೂತು ನೋಡಿದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. ಡಾಕ್ಟರರಿಗೆ ‘ನೀವು’. ಕೂಸು ಎತ್ತಿಕೊಂಡ ಇಪ್ಪತ್ತೈದರ ಹುಡುಗಿಗೂ ‘ನೀವು’. ನಲವತ್ತು ದಾಟಿದ ದೊಡ್ಡಕ್ಕನಿಗೆ ಮಾತ್ರ ‘ನೀನು’. ಯಾವಾಗಿನಿಂದ ಹಾಗೆ ಶುರುವಾಯಿತೋ ಅವಳಿಗೆ ನೆನಪಾಗಲಿಲ್ಲ. ಬಹುಶಃ ಅರ್ಜಿಯ ಆ ಒಂದು ಸಾಲು ಓದಿದಂದಿನಿಂದ ಇರಬೇಕು. ಇದೇ ಚಿತ್ರವನ್ನು ಡಾಕ್ಟರು ಕಳಿಸಿದ್ದರೆ ತಾನೇನು ಮಾಡುತ್ತಿದ್ದೆ ಎಂದು ಕೇಳಿಕೊಂಡಳು. ಉತ್ತರಕ್ಕೆ ಹುಡುಕಬೇಕಾಗಲಿಲ್ಲ.

ಮರುದಿನ, ಆ ನಮೂನೆಗಳಲ್ಲಿ ಹೆಸರಿದ್ದ ಆಸ್ಪತ್ರೆಗೆ ಹೋದಳು. ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಬಾಗಿಲಲ್ಲೇ ದೊಡ್ಡ ಫಲಕ: ಒಳಗೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಒಳಗೆ ಹಬೆ, ಸೋಪಿನ ಘಾಟು, ಬಾಯಿ ತೆರೆದ ಭಾರಿ ಯಂತ್ರಗಳು. ಸೆಕೆಗೆ ಮೇಲುಡುಪು ತೆಗೆದಿಟ್ಟು, ಒದ್ದೆ ಒಳಂಗಿಯಲ್ಲೇ ಏಳೆಂಟು ಹೆಂಗಸರು ಉದ್ದನೆಯ ಮೇಜಿನ ಸುತ್ತ ಹಾಸುಬಟ್ಟೆ ಮಡಚುತ್ತಿದ್ದರು. ಕ್ಯಾಮೆರಾ ಯಾಕಿಲ್ಲ ಎಂಬ ಪ್ರಶ್ನೆಯನ್ನು ಅವಳು ಕೇಳಲೇ ಬೇಕಾಗಲಿಲ್ಲ.

ಹೆಸರು ಹೇಳಿ ವಿಚಾರಿಸಿದಾಗ ಇಸ್ತ್ರಿ ಯಂತ್ರದ ಬಳಿಯಿಂದ ಬಂದ ದೊಡ್ಡಕ್ಕ ಹೆಸರಿಗೆ ತಕ್ಕಂತೆ ದೊಡ್ಡವಳೇನಲ್ಲ. ಕುಳ್ಳಗೆ, ಸಣ್ಣಗೆ ಇದ್ದಳು. ಮುಂಗೈಯಲ್ಲಿ ಹಬೆ ಸುಟ್ಟ ಹಳೆಯ ಗುರುತುಗಳಿದ್ದವು. ದನಿಯಿಂದಲೇ ಮೇಡಮ್ಮನ ಗುರುತು ಹಿಡಿದವಳು ಕೈ ಒರೆಸಿಕೊಂಡು, “ಹೊರಗೆ ಕೂತ್ಕೊಳಣ ಬನ್ನಿ ಮೇಡಂ. ಇಲ್ಲಿ ನಿಮಗೆ ತಡಿಯಲ್ಲ” ಎಂದಳು.

ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಇಬ್ಬರೂ ಕೂತರು.

“ಹಾಳೆಗಳನ್ನ ನೋಡಿದೆ. ನನ್ನಿಂದ ತಪ್ಪಾಯ್ತು” ಎಂದಳು ಅಧ್ಯಾಪಕಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ದೊಡ್ಡಕ್ಕ ಮಡಿಲಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು.

“ಹದಿನಾಲ್ಕು ವರ್ಷದಿಂದ ದಿನಾ ಐನೂರು ಬೆಡ್‌ಶೀಟ್ ನನ್ನ ಕೈ ಮೇಲೆ ಹೋಗುತ್ತೆ ಮೇಡಂ. ಲೋಟ ನನಗೆ ಗೊತ್ತಿಲ್ಲ. ಬಟ್ಟೆ ಗೊತ್ತು. ನೀವು ಮಡಿಕೆ ಪಾಠ ಅಂದಾಗ ಎಷ್ಟು ಖುಷಿ ಆಯ್ತು ಅಂದ್ರೆ, ಒಂದು ತಿಂಗಳು ಊಟದ ಹೊತ್ತಲ್ಲೆಲ್ಲ ಬರೀತಾನೇ ಇದ್ದೆ. ಪಾಠದ ಹೊತ್ತಲ್ಲಿ ಕೈ ಇಸ್ತ್ರಿ ಮೇಲೆ, ಕಿವಿ ನಿಮ್ಮ ಹತ್ರ.”

“ಅವತ್ತು ಕ್ಯಾಮೆರಾ ಯಾಕೆ ಆಗಲ್ಲ ಅಂತ ಬಿಡಿಸಿ ಹೇಳಬಹುದಿತ್ತಲ್ಲ” ಎಂದಳು ಅಧ್ಯಾಪಕಿ. ಅಂದ ಕೂಡಲೆ, ಈಗಲೂ ತಪ್ಪಿನ ಪಾಲೊಂದನ್ನು ಅವಳ ತಲೆಗೇ ಕಟ್ಟುತ್ತಿದ್ದೇನೆ ಅನ್ನಿಸಿತು.

“ಹೇಳಬಹುದಿತ್ತು. ಅವತ್ತು ಇಯರ್‌ಫೋನ್ ಕೆಟ್ಟಿತ್ತು ಮೇಡಂ. ಸ್ಪೀಕರ್ ಹಾಕಿದ್ದೆ. ಇಲ್ಲಿರೋರೆಲ್ಲ, ನಮ್ಮ ದೊಡ್ಡಕ್ಕನ ಚಿತ್ರ ತೋರಿಸ್ತಾರೆ ಅಂತ ಮೆಷಿನ್ ಬಿಟ್ಟು ಬಂದು ಸುತ್ತ ನಿಂತಿದ್ರು.” ಅವಳ ದನಿ ಏರಲಿಲ್ಲ. “ಮಾರನೇ ದಿನ ಒಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಕೇಳಿದ್ರೆ ಅತ್ತು ಹಗುರ ಆಗ್ತಿದ್ದೆ. ಕೇಳಲೇ ಇಲ್ಲ.”

“ಅಂಕ ಸರಿ ಮಾಡಿಸ್ತೀನಿ. ಇವತ್ತೇ ಬರೀತೀನಿ” ಎಂದಳು ಅಧ್ಯಾಪಕಿ.

“ಸೊನ್ನೆ ಅಳಿಸ್ತೀರಿ ಮೇಡಂ, ರಬ್ಬರ್ ಇದೆ. ಅವರು ನಕ್ಕಿದ್ದು?” ದೊಡ್ಡಕ್ಕ ಎದ್ದಳು. “ಶಿಫ್ಟ್ ಬಿಟ್ಟು ಜಾಸ್ತಿ ಹೊತ್ತು ಕೂರೋ ಹಂಗಿಲ್ಲ. ಇಷ್ಟು ದೂರ ಬಂದ್ರಲ್ಲ, ಟೀ ಕುಡ್ಕೊಂಡು ಹೋಗಿ. ಆದ್ರೆ ಪಾಠಕ್ಕೆ ಬಾ ಅಂತ ಮಾತ್ರ ಕರೀಬೇಡಿ.”

ವಿಭಾಗದ ಮುಖ್ಯಸ್ಥರು ಎಲ್ಲವನ್ನೂ ತಾಳ್ಮೆಯಿಂದಲೇ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. “ಅಂಕ ಸದ್ದಿಲ್ಲದೆ ತಿದ್ದೋಣ. ಆದರೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ತೀನಿ ಅಂತೀರಲ್ಲ, ಅದು ಬೇಡ. ನಾಳೆ ಅಂಕ ಕಮ್ಮಿ ಬಂದವರೆಲ್ಲ ನಿಮ್ಮ ಮೇಲೆ ಬೀಳ್ತಾರೆ. ಆನ್‌ಲೈನಲ್ಲಿ ನಕಲು ನಡೀತಿರೋದೂ ಸುಳ್ಳಲ್ಲ. ಅನುಮಾನ ಪಡೋದು ನಮ್ಮ ಕೆಲಸಾನೇ.”

“ಅನುಮಾನ ಎಲ್ಲರ ಮೇಲೂ ಪಟ್ಟಿದ್ದರೆ ಕೆಲಸ ಅನ್ನಬಹುದಿತ್ತು ಸರ್. ನಾನು ಒಬ್ಬಳ ಮೇಲೆ ಪಟ್ಟೆ. ಅವಳು ಬಟ್ಟೆ ಒಗೀತಾಳೆ ಅಂತ.”

“ಆಡಿದ ಮಾತು ಆಡಿಯಾಯ್ತು. ಈಗ ಕೆದಕಿದ್ರೆ ನಿಮ್ಮ ಮರ್ಯಾದೇನೇ ಹೋಗೋದು.”

“ಅವಳದು ಹೋಗಿ ತಿಂಗಳಾಯ್ತು” ಎಂದಳು ಅಧ್ಯಾಪಕಿ.

ಹೊಸ ಸೆಮಿಸ್ಟರಿನ ಮೊದಲ ಪಾಠದಲ್ಲಿ ಅವಳು ಮೂವತ್ತೇಳು ಹಾಳೆಗಳನ್ನೂ ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿದಳು. ಹಗ್ಗದಂಥ ಮೊದಲನೆಯದು, ತೂತಾದ ಐದನೆಯದು, ಇಸ್ತ್ರಿಯ ಕಲೆಯದು. ಎಲ್ಲ ತೋರಿಸಿ ಮುಗಿಸಲು ಕಾಲು ಗಂಟೆ ಹಿಡಿಯಿತು. ಆಮೇಲೆ ಹೇಳಿದಳು: “ಈ ಚಿತ್ರ ಕದ್ದದ್ದು ಅಂತ ನಿಮ್ಮೆಲ್ಲರ ಎದುರು ಹೇಳಿದ್ದೆ. ಅದು ಸುಳ್ಳು. ಪರೀಕ್ಷೆ ಮಾಡದೆ, ಕೇಳದೆ ಹೇಳಿದೆ. ಬರೆದವರ ಕೆಲಸ ಯಾವುದು ಅಂತ ಗೊತ್ತಿದ್ದರಿಂದ ಹೇಳಿದೆ. ಬೇರೆ ಯಾವ ಕಾರಣವೂ ನನ್ನ ಹತ್ತಿರ ಇರಲಿಲ್ಲ.”

ಪರದೆಯ ಮೇಲೆ ಅಂದು ನಲವತ್ತಕ್ಕೆ ಒಂದು ಚೌಕ ಕಡಿಮೆಯಿತ್ತು. ಪೋಸ್ಟ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ನಾನೂ ನಕ್ಕಿದ್ದೆ ಮೇಡಂ” ಎಂದರು.

ಆ ಪಾಠದ ರೆಕಾರ್ಡಿಂಗನ್ನು ದೊಡ್ಡಕ್ಕನಿಗೆ ಕಳಿಸಿದಳು. ಅದು ತಲುಪಿತೆಂಬ ಗುರುತು ಬಂತು, ಉತ್ತರ ಬರಲಿಲ್ಲ. ಒಂದು ವಾರ ಹೋಯಿತು, ಎರಡು ಹೋಯಿತು. ಓದು ಬಿಡುವ ಅರ್ಜಿ ಸಹಿಯಾಗದೆ ಅಧ್ಯಾಪಕಿಯ ಮೇಜಿನ ಮೇಲೇ ಇತ್ತು. ಉತ್ತರ ಕೇಳುವ ಹಕ್ಕು ತನಗಿಲ್ಲವೆಂದು ಅಧ್ಯಾಪಕಿಗೆ ತಿಳಿದಿತ್ತು. ಆದರೂ ಫೋನ್ ಸದ್ದಾದಾಗಲೆಲ್ಲ ಕೈ ತಾನಾಗಿ ಹೋಗುತ್ತಿತ್ತು. ಯಾರದಾದರೂ ಚಿತ್ರ ತುಂಬ ಚೆನ್ನಾಗಿ ಬಂದರೆ ಈಗ ಮೊದಲು ಅವರಿಗೆ ಫೋನ್ ಮಾಡಿ, “ಇದನ್ನ ಹೇಗೆ ಬರೆದ್ರಿ, ಹೇಳಿ” ಎಂದು ಕೇಳಿ, ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಿದ್ದಳು.

ನಾಲ್ಕನೆಯ ವಾರ, ಪಾಠ ಅರ್ಧ ನಡೆದಿರುವಾಗ, ಕೊನೆಯ ಸಾಲಿನಲ್ಲಿ ಒಂದು ಬೂದು ಚೌಕ ಬಂದು ಸೇರಿತು. ಅಧ್ಯಾಪಕಿ ಸ್ವಾಗತವನ್ನೂ ಹೇಳಲಿಲ್ಲ, ಹೆಸರನ್ನೂ ಕರೆಯಲಿಲ್ಲ; ಮತ್ತೊಮ್ಮೆ ಎಲ್ಲರ ಕಣ್ಣು ಬಂದವಳ ಮೇಲೆ ಬೀಳುವುದು ಬೇಡವೆನಿಸಿತು. ಅಂದು ಕೂತ ಮನುಷ್ಯರ ಪಾಠ. ಹತ್ತು ವರ್ಷದಿಂದ ತೋರಿಸುತ್ತ ಬಂದಿದ್ದ ತನ್ನದೇ ಚಿತ್ರವೊಂದನ್ನು, ಉದ್ದ ಲಂಗದಲ್ಲಿ ಕೂತ ಮುದುಕಿಯದನ್ನು, ಹಲಗೆಗೆ ಸಿಕ್ಕಿಸಿ ವಿವರಿಸುತ್ತ ಹೋದಳು.

“ಮೇಡಂ” ಎಂದಿತು ಬೂದು ಚೌಕ. ಹಿಂದೆ ಯಂತ್ರದ ಸದ್ದಿತ್ತು. “ಮೊಣಕಾಲಿನ ಕೆಳಗಿನ ಮಡಿಕೆ ಹಂಗೆ ಬೀಳಲ್ಲ. ಅಷ್ಟು ದಪ್ಪ ಬಟ್ಟೆ ಮೂರು ಸಣ್ಣ ಮಡಿಕೆ ಆಗಲ್ಲ, ಒಂದೇ ದೊಡ್ಡದಾಗಿ ಬಗ್ಗುತ್ತೆ.”

ಎಲ್ಲರೂ ಚಿತ್ರದ ಕಡೆ ಬಾಗಿ ನೋಡಿದರು. ಅಧ್ಯಾಪಕಿಯೂ ತಿರುಗಿ ನೋಡಿದಳು. ಹೌದು. ಹತ್ತು ವರ್ಷದಿಂದ ಅದು ತಪ್ಪಾಗಿಯೇ ಇತ್ತು.

“ಹಿಂದಿನ ಸೆಮಿಸ್ಟರಲ್ಲೂ ಇದನ್ನ ತೋರಿಸಿದ್ದೆ. ಆಗ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ ಮೇಡಂ?”

ಅಧ್ಯಾಪಕಿ ಹಲಗೆಯಿಂದ ಪರದೆಯ ಕಡೆ ತಿರುಗಿದಳು.

“ಇಲ್ಲ” ಎಂದಳು. “ನಂಬ್ತಿರಲಿಲ್ಲ.”

ಮೇಜಿನ ಮೇಲಿನ ರಬ್ಬರ್ ತೆಗೆದುಕೊಂಡು ಆ ಮೂರು ಮಡಿಕೆಗಳನ್ನು ಅಳಿಸಿದಳು. ಪೆನ್ಸಿಲ್ ಹಿಡಿದು, ಬೂದು ಚೌಕದ ಕಡೆ ನೋಡಿ ಕೇಳಿದಳು: “ಈಗ ಹೇಳಿ. ಎಲ್ಲಿಂದ ಶುರು ಮಾಡಲಿ?”