ಸದ್ದಿಲ್ಲದ ಆಟಗಳು

ಜಯದೇವಪ್ಪನವರಿಗೆ ಗಂಟಲಿನ ಕಾಯಿಲೆ ಬಂದ ವರ್ಷ, ಅಂದರೆ ಎಪ್ಪತ್ತೆಂಟನೇ ಇಸವಿಯಲ್ಲಿ, ಅವರ ಮನೆಯ ಹಳೇ ಅಂಬಾಸಿಡರ್ ಕಾರು ಹದಿನೈದು ದಿನಕ್ಕೊಮ್ಮೆ ತರೀಕೆರೆಯಿಂದ ಬೆಂಗಳೂರಿಗೆ ಹೋಗಿ ಬರುತ್ತಿತ್ತು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು, ನೆಂಟರ ಮನೆಯಲ್ಲಿ ಇದ್ದು ವಾಪಸಾಗಬೇಕು. ಕಾರು ಓಡಿಸುವವನು ಮಗ ಓಂಕಾರಮೂರ್ತಿ. ಅವನ ಪಕ್ಕದಲ್ಲಿ ಜಯದೇವಪ್ಪ. ಹಿಂದಿನ ಸೀಟಿನ ಒಂದು ತುದಿಗೆ ಅವರ ಹೆಂಡತಿ ಕರಿಬಸಮ್ಮ, ಇನ್ನೊಂದು ತುದಿಗೆ ಸೊಸೆ ಮಲ್ಲಿಕಾಂಬ. ನಡುವೆ ಎರಡು ವರ್ಷದ ಲೀಲ.

ಸೊಸೆ ಬರಲೇಬೇಕಿತ್ತು. ಬೆಂಗಳೂರಿನಲ್ಲಿ ಮಾವನಿಗೆ ಗಂಜಿ ಕಾಯಿಸಿ, ಸೋಸಿ, ಆರಿಸಿ ಕೊಡುವವರು ಬೇರೆ ಇರಲಿಲ್ಲ, ಕರಿಬಸಮ್ಮನಿಗೆ ಮಂಡಿನೋವು. ಸೊಸೆ ಬಂದರೆ ಮಗುವೂ ಬರಬೇಕು. ಮಗು ಬರುವುದು ಮಾತ್ರ ಆ ಕಾರಿನಲ್ಲಿ ಯಾರಿಗೂ ಬೇಡವಾಗಿತ್ತು.

ಜಯದೇವಪ್ಪ ಒಂದು ಕಾಲಕ್ಕೆ ತಮ್ಮ ಅಕ್ಕಿ ಗಿರಣಿಯಲ್ಲಿ ಮಿಷನ್ನಿನ ಸದ್ದನ್ನೂ ಮೀರಿಸಿ ಕೂಗುತ್ತಿದ್ದ ಮನುಷ್ಯ. ಈಗ ಅವರ ಸ್ವರ ಬಿದ್ದುಹೋಗಿತ್ತು. ತಮ್ಮ ಗಂಟಲು ಹೋದ ಮೇಲೆ ಬೇರೆಯವರ ಗಂಟಲು ಕೇಳಿಸಿದರೆ ಅವರಿಗೆ ಮೈಯೆಲ್ಲ ಉರಿ. ಹಿಂದೆ ಮಗು ಕುಂಯ್ ಅಂದರೆ ಸಾಕು, ಬೆರಳಿನ ಉಂಗುರದಿಂದ ಕಾರಿನ ಗಾಜಿಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ತಿರುಗಿ ನೋಡುತ್ತಿರಲಿಲ್ಲ. ಆ ಸದ್ದಿಗೆ ಓಂಕಾರಮೂರ್ತಿಯ ಹೆಗಲು ಬಿಗಿಯುತ್ತಿತ್ತು, ಕರಿಬಸಮ್ಮನ ಬಾಯಿ ತೆರೆಯುತ್ತಿತ್ತು.

"ಒಂದು ಮಗೀನ ಸುಮ್ನಿರಿಸೋಕಾಗಲ್ವೇನೇ ನಿಂಗೆ? ಅಜ್ಜಂಪುರದಲ್ಲಿ ನಿಮ್ಮವ್ವ ಇದನ್ನೂ ಕಲಿಸ್ಲಿಲ್ವಾ?"

"ಮಗು ಅಂದ್ಮೇಲೆ ಸದ್ದು ಮಾಡ್ತದೆ ಅತ್ತೆ."

"ನಾನೂ ನಾಕು ಹೆತ್ತೀನಿ ಕಣೇ. ಕಣ್ಣು ಬಿಟ್ಟು ನೋಡಿದ್ರೆ ಮೂಲೇಲಿ ಕೂತ್ಕಳವು."

ಹಾಗೆ ಮೂಲೆಯಲ್ಲಿ ಕೂತು ಬೆಳೆದವರಲ್ಲಿ ಒಬ್ಬ ಈಗ ಕಾರು ಓಡಿಸುತ್ತಿದ್ದ. ಅವನು ಯಾವತ್ತೂ ಈ ಮಾತಿಗೆ ಬಾಯಿ ಹಾಕುತ್ತಿರಲಿಲ್ಲ. ಕನ್ನಡಿಯಲ್ಲಿ ಒಮ್ಮೆ ಹೆಂಡತಿಯ ಮುಖ ನೋಡಿ, ಮತ್ತೆ ರಸ್ತೆಗೆ ಕಣ್ಣು ಕೀಲಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಮಲ್ಲಿಕಾಂಬ ಇದನ್ನು ಒಳ್ಳೆಯ ಸ್ವಭಾವ ಅಂದುಕೊಂಡಿದ್ದಳು. ಮನೆ ತುಂಬ ಬಾಯಿ ಜೋರಿನವರೇ ಇದ್ದಾಗ ಒಬ್ಬನಾದರೂ ಮೆತ್ತಗಿದ್ದಾನಲ್ಲ ಅಂತ.

ಮೊದಲ ಸಲ ಹೊರಟಾಗ ಅವಳು ಪೌಡರ್ ಡಬ್ಬಿಯೊಂದಕ್ಕೆ ಹುಣಸೆಬೀಜ ತುಂಬಿ ಗಿಲಕಿ ಮಾಡಿ ತಂದಿದ್ದಳು. ಬೀರೂರು ದಾಟುವುದರೊಳಗೆ ಮುಂದಿನ ಸೀಟಿನಿಂದ ಉಂಗುರದ ಸದ್ದು ಶುರುವಾಯಿತು. ಕಡೂರು ಕಳೆದ ಮೇಲೆ ಕರಿಬಸಮ್ಮ ಮಗುವಿನ ಕೈಯಿಂದ ಡಬ್ಬಿ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದುಬಿಟ್ಟಳು. ಲೀಲ ಒಂದು ಕ್ಷಣ ಬೆರಗಾಗಿ ತನ್ನ ಖಾಲಿ ಅಂಗೈ ನೋಡಿಕೊಂಡಳು. ಆಮೇಲೆ ಅರಸೀಕೆರೆ ಬರುವ ತನಕ ಅತ್ತಳು. ಅತ್ತಷ್ಟು ಹೊತ್ತೂ ಗಾಜಿಗೆ ಪೆಟ್ಟು ಬೀಳುತ್ತಲೇ ಇತ್ತು.

ಅವತ್ತಿನಿಂದ ಮಲ್ಲಿಕಾಂಬ ಸದ್ದಿಲ್ಲದ ಆಟಗಳನ್ನು ಹುಡುಕತೊಡಗಿದಳು. ಹಗಲೆಲ್ಲ ಮನೆಗೆಲಸ ಮಾಡುತ್ತ ಅದನ್ನೇ ಯೋಚಿಸುತ್ತಿದ್ದಳು. ಕರ್ಚೀಫು ಮಡಚಿ ಇಲಿ ಮಾಡಿ ತನ್ನ ತೋಳಿನ ಮೇಲೆ ಓಡಿಸಿದಳು. ಗಾಜಿನ ಮೇಲೆ ಉಸಿರು ಬಿಟ್ಟು, ಮಂಜು ಕಟ್ಟಿದ ಕಡೆ ಬೆರಳಲ್ಲಿ ಬೆಕ್ಕು ಬರೆದಳು. ಬೆಕ್ಕು ಆರಿಹೋದರೆ ಮತ್ತೊಂದು. ಮಂಡಕ್ಕಿಯನ್ನು ಒಂದೊಂದೇ ಕಾಳು ಸೆರಗಿನ ಮಡಿಕೆಯಲ್ಲಿ ಬಚ್ಚಿಟ್ಟು ಹುಡುಕಿಸಿದಳು. ಮಗು ಖುಷಿಯಾಗಿ ಕಿಲಕಿಲ ನಕ್ಕರೂ ಕಷ್ಟವೇ. ನಗುವಿಗೂ ಉಂಗುರ ಕುಟ್ಟುತ್ತಿತ್ತು. ಹಾಗಾಗಿ ಮಗುವಿಗೆ ಬೇಸರವೂ ಆಗಬಾರದು, ತೀರಾ ಖುಷಿಯೂ ಆಗಬಾರದು, ಅಂಥ ಆಟ ಬೇಕಿತ್ತು. ಬೆಂಗಳೂರು ತಲುಪುವಷ್ಟರಲ್ಲಿ ಅವಳ ಬೆನ್ನು ಬಿದ್ದುಹೋಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಇಳಿದ ಕೂಡಲೇ ಗಂಜಿಗೆ ಒಲೆ ಹಚ್ಚಬೇಕು.

"ಕೋತಿ ಕುಣಿಸೋಳ ಥರ ಆಡ್ತಾಳೆ," ಎಂದು ಕರಿಬಸಮ್ಮ ಕಿಟಕಿಯ ಹೊರಗೆ ನೋಡುತ್ತ ಹೇಳುತ್ತಿದ್ದಳು, ಯಾರಿಗೋ ಹೇಳಿದ ಹಾಗೆ.

ಒಂದು ಸಲ ಮಾತ್ರ ಆಶ್ಚರ್ಯವಾಯಿತು. ಬೆಂಗಳೂರಿನಿಂದ ವಾಪಸು ಬರುವಾಗ ತಿಪಟೂರಿನಲ್ಲಿ ತಿಂಡಿಗೆ ನಿಲ್ಲಿಸಿ ಮತ್ತೆ ಹೊರಟ ಮೇಲೆ ಲೀಲ ತಾನಾಗಿ ತಾಯಿಯ ತೊಡೆಯ ಮೇಲೆ ಮಲಗಿದವಳು ತರೀಕೆರೆ ಮನೆ ಬಾಗಿಲ ತನಕ ಏಳಲಿಲ್ಲ. ಉಂಗುರ ಒಮ್ಮೆಯೂ ಸದ್ದು ಮಾಡಲಿಲ್ಲ. ಅತ್ತೆ ಕೂಡ ಕೊಂಕು ಆಡಲಿಲ್ಲ. ಮಲ್ಲಿಕಾಂಬಳಿಗೆ ಯುದ್ಧ ಗೆದ್ದಷ್ಟು ಹೆಮ್ಮೆಯಾಯಿತು. ತನ್ನ ಆಟಗಳಿಂದ ಮಗುವಿಗೆ ಕಾರು ಒಗ್ಗಿತು ಅಂದುಕೊಂಡಳು.

"ನೋಡಿದ್ರಾ, ಹೆಂಗೆ ಅಭ್ಯಾಸ ಆಗೋಯ್ತು ಅವಳಿಗೆ," ಎಂದು ಗಂಡನ ಹತ್ತಿರ ಹೇಳಿಕೊಂಡಳು.

"ಹೂಂ," ಅಂದ ಓಂಕಾರಮೂರ್ತಿ.

ಅದರ ಮುಂದಿನ ಸಲ ವಾಪಸಾಗುವಾಗಲೂ ತಿಪಟೂರಿನಲ್ಲಿ ನಿಲ್ಲಿಸಿದರು. "ನೀನು ಮುಖ ತೊಳ್ಕೊಂಡು ನಿಧಾನಕ್ಕೆ ತಿಂಡಿ ತಿನ್ನು, ಮಗೀನ ನಾನು ಎತ್ಕೋತೀನಿ," ಎಂದು ಓಂಕಾರಮೂರ್ತಿ ಲೀಲಳನ್ನು ಎತ್ತಿಕೊಂಡು ಕಾರಿನ ಕಡೆ ಹೋದ. ಮಲ್ಲಿಕಾಂಬ ಬಿಸಿ ಇಡ್ಲಿಯನ್ನು ಬಿಸಿಯಾಗಿರುವಾಗಲೇ ತಿಂದು ಎಷ್ಟೋ ಕಾಲವಾಗಿತ್ತು. ಗಂಡನ ಮೇಲೆ ಅಕ್ಕರೆ ಉಕ್ಕಿತು.

ಕಾರು ಹೊರಟ ಸ್ವಲ್ಪ ಹೊತ್ತಿಗೆ ಲೀಲ ಮಲಗಿದಳು. ಅರಸೀಕೆರೆ ಕಳೆಯಿತು. ಬಾಣಾವರದ ಹತ್ತಿರ ಎದುರಿಗೆ ಬಂದ ಲಾರಿ ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯಿತು. ಜಯದೇವಪ್ಪನವರೇ ಬೆಚ್ಚಿಬಿದ್ದರು. ಮಗು ಮಿಸುಕಲಿಲ್ಲ.

ಮಲ್ಲಿಕಾಂಬ ಬಗ್ಗಿ ನೋಡಿದಳು. ಮಗುವಿನ ಬಾಯಿ ಅರೆ ತೆರೆದಿತ್ತು. ಕೈ ಎತ್ತಿ ಬಿಟ್ಟಳು. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಕೆನ್ನೆ ತಟ್ಟಿದಳು. ಪಾದ ಗಿಲ್ಲಿದಳು. ಮಗು ಉಸಿರಾಡುತ್ತಿತ್ತು, ಆದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕಾಯಬೇಕಾಗುತ್ತಿತ್ತು.

"ರೀ, ಕಾರು ನಿಲ್ಲಿಸ್ರಿ. ಮಗು ಏಳ್ತಿಲ್ಲ."

ಟಕ್ ಟಕ್ ಎಂದಿತು ಗಾಜು.

"ಅತ್ರೂ ತಪ್ಪು, ಮಲಗಿದ್ರೂ ತಪ್ಪಾ?" ಎಂದಳು ಕರಿಬಸಮ್ಮ. "ಮಲಗಿರೋ ಮಗೀನ ಗಿಲ್ಲಿ ಏಳಿಸೋ ತಾಯೀನ ಇವತ್ತೇ ನೋಡಿದ್ದು."

"ಏಳ್ತಾ ಇಲ್ಲ ಅತ್ತೆ! ರೀ, ಕಡೂರಲ್ಲಿ ಡಾಕ್ಟರ ಹತ್ರ ನಿಲ್ಸಿ."

"ಏನೂ ಆಗಲ್ಲ, ಮಲಗಿದಾಳೆ ಅಷ್ಟೇ," ಎಂದ ಓಂಕಾರಮೂರ್ತಿ ಕನ್ನಡಿಯ ಕಡೆ ನೋಡದೆ. "ಮನೆಗೆ ಹೋಗೋ ಹೊತ್ತಿಗೆ ಎದ್ದೇಳ್ತಾಳೆ. ಅಪ್ಪಾಜಿಗೆ ಕೂತು ಸಾಕಾಗಿದೆ."

ಕಡೂರಿನ ಹೊರಗೆ ರೈಲ್ವೆ ಗೇಟು ಹಾಕಿತ್ತು. ಲಾರಿಗಳ, ಎತ್ತಿನ ಗಾಡಿಗಳ ಹಿಂದೆ ಕಾರು ನಿಂತಿತು. ನಿಂತ ಕೂಡಲೇ ಮಲ್ಲಿಕಾಂಬ ಬಾಗಿಲು ತೆಗೆದು ಇಳಿದಳು. ಹಿಂದಿನಿಂದ ಗಂಡ ಹೆಸರು ಹಿಡಿದು ಕೂಗಿದ. ಮಾವ ಗಾಜು ಒಡೆದುಹೋಗುವ ಹಾಗೆ ಕುಟ್ಟಿದರು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಗೇಟಿನ ಪಕ್ಕದ ಸಂದಿಯಲ್ಲಿ ನುಸುಳಿ, ಹಳಿ ದಾಟಿ ಊರೊಳಕ್ಕೆ ಓಡಿದಳು. ಚಪ್ಪಲಿ ಕಾರಿನಲ್ಲೇ ಉಳಿದಿತ್ತು. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ನೋಡಿದರೆ ಕರಿಬಸಮ್ಮನೂ ಬರುತ್ತಿದ್ದಳು. ಮಂಡಿ ಹಿಡಿದುಕೊಂಡು, ಕುಂಟುತ್ತ, ದಾರಿಯುದ್ದಕ್ಕೂ ಬೈಯುತ್ತ.

ಡಾಕ್ಟರ ಶಾಪು ಪೇಟೆ ಬೀದಿಯಲ್ಲಿತ್ತು. ವಯಸ್ಸಾದ ಡಾಕ್ಟರು ಮಗುವಿನ ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದರು. ಎದೆ ಕೇಳಿದರು. ಮುಖ ಎತ್ತದೆಯೇ ಕೇಳಿದರು:

"ಏನು ಕೊಟ್ರಮ್ಮ ಇದಕ್ಕೆ?"

"ಏನೂ ಕೊಟ್ಟಿಲ್ಲ."

"ಯಾರೋ ಕೊಟ್ಟಿದಾರೆ. ನಿದ್ದೆ ಔಷಧಿ ಇದು. ಯಾವುದು, ಎಷ್ಟು ಅಂತ ನಂಗೆ ಗೊತ್ತಾಗ್ಬೇಕು, ಈಗಲೇ."

ಅಷ್ಟರಲ್ಲಿ ಕರಿಬಸಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಿದ್ದಳು. ಮಲ್ಲಿಕಾಂಬ ಕೈ ಎತ್ತಿ ತೋರಿಸಿದಳು.

"ಇವರನ್ನ ಕೇಳಿ ಡಾಕ್ಟ್ರೇ. ನನ್ನ ಮಗು ಉಸಿರಾಡೋದೇ ಇವರಿಗೆ ಬೇಡ. ಇವರೇ ಹಾಕಿರ್ತಾರೆ."

ಶಾಪಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಿರುಗಿದರು. ಕರಿಬಸಮ್ಮನ ಮುಖ ಬೂದಿಯಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾನು ಬೈತೀನಿ ಕಣೇ," ಎಂದಳು. "ಸಾಯೋ ತನಕ ಬೈತೀನಿ. ಮಗೀನ ಬಾಯಿಗೆ ವಿಷ ಬಿಡೋಳಲ್ಲ ನಾನು."

ಗೇಟು ತೆರೆದಿರಬೇಕು, ಕಾರು ಬಂದು ಬಾಗಿಲಲ್ಲಿ ನಿಂತಿತು. ಓಂಕಾರಮೂರ್ತಿ ಒಳಗೆ ಬಂದ. ಡಾಕ್ಟರು ಅದೇ ಪ್ರಶ್ನೆಯನ್ನು ಅವನಿಗೆ ಹಾಕಿದರು. ಅವನು ಹೆಂಡತಿಯನ್ನು ನೋಡಲಿಲ್ಲ, ತಾಯಿಯನ್ನು ನೋಡಲಿಲ್ಲ. ನೆಲ ನೋಡುತ್ತ ಪ್ಯಾಂಟಿನ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಜಯದೇವಪ್ಪನವರಿಗೆ ರಾತ್ರಿ ನಿದ್ದೆ ಬರಲೆಂದು ಬೆಂಗಳೂರಿನಲ್ಲಿ ಬರೆದುಕೊಟ್ಟಿದ್ದ ಔಷಧಿ.

"ಒಂದು ಚಮಚ," ಎಂದ. "ಹೋದ್ಸಲ ಅರ್ಧ ಕೊಟ್ಟಿದ್ದೆ, ಏನೂ ಆಗಿರ್ಲಿಲ್ಲ. ಅಪ್ಪಾಜಿ ಹಂಗೆ ಕುಟ್ತಾ ಇದ್ರೆ ನಂಗೆ ಗಾಡಿ ಓಡ್ಸೋಕಾಗಲ್ಲ ಡಾಕ್ಟ್ರೇ. ಕೈ ನಡುಗ್ತದೆ."

ಹೋದ ಸಲ. ಮಲ್ಲಿಕಾಂಬಳಿಗೆ ತಾನು ಹೆಮ್ಮೆಪಟ್ಟದ್ದು ನೆನಪಾಯಿತು, ಅವನು 'ಹೂಂ' ಅಂದದ್ದು ನೆನಪಾಯಿತು. ಅವಳು ಅಳಲಿಲ್ಲ. ಅವನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಇಷ್ಟು ದಿನ ಕಿವಿಗೆ ಬೀಳುವ ಸದ್ದುಗಳಿಗೆಲ್ಲ ಹೆದರಿ, ಸದ್ದೇ ಮಾಡದವನ ಕೈಗೆ ಮಗುವನ್ನು ಕೊಟ್ಟಿದ್ದಳು.

ಕರಿಬಸಮ್ಮ ಕುಂಟುತ್ತ ಬಂದು ಮಗನ ಕೆನ್ನೆಗೆ ಬಾರಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಅವನದು ಅವನಿಗಾಯ್ತು. ಊರೋರ ಮುಂದೆ ನನ್ನ ಮೇಲೆ ಹೇಳಿದ್ಯಲ್ಲ, ಅದನ್ನ ನಾನು ಮರೆಯಲ್ಲ."

"ಮರೀಬೇಡಿ," ಎಂದಳು ಮಲ್ಲಿಕಾಂಬ. "ನನ್ನ ಮಗು ಕೈಯಿಂದ ಗಿಲಕಿ ಕಿತ್ಕೊಂಡು ಎಸೆದ್ರಲ್ಲ, ಅದನ್ನ ನಾನೂ ಮರೆತಿಲ್ಲ."

ಡಾಕ್ಟರು ಇಬ್ಬರನ್ನೂ ಹೊರಗೆ ಹೋಗಿ ಜಗಳವಾಡಿ ಎಂದು ಗದರಿದರು. ಮಗುವಿಗೆ ಮಾಡಬೇಕಾದ್ದು ಮಾಡಿ, ಬಿಟ್ಟು ಕದಲದೆ ಪಕ್ಕದಲ್ಲೇ ಕೂತರು. ಇಳಿಹೊತ್ತಿಗೆ ಲೀಲ ಕಣ್ಣು ಬಿಟ್ಟು, ಸುತ್ತ ನೋಡಿ, ಇಡೀ ಪೇಟೆ ಬೀದಿಗೆ ಕೇಳುವ ಹಾಗೆ ಅಳತೊಡಗಿದಳು. ಕಾರಿನಲ್ಲೇ ಕೂತಿದ್ದ ಜಯದೇವಪ್ಪನವರಿಗೂ ಕೇಳಿಸಿರಬೇಕು. ಗಾಜು ಸದ್ದು ಮಾಡಲಿಲ್ಲ.

"ಬಾ, ಹೋಗಾಣ," ಎಂದ ಓಂಕಾರಮೂರ್ತಿ ಕಾರಿನ ಬಾಗಿಲು ಹಿಡಿದು.

"ನೀವು ಹೋಗಿ. ನಾನು ಅಜ್ಜಂಪುರದ ಬಸ್ ಹತ್ತೀನಿ."

"ಜನ ನೋಡ್ತಾವ್ರೆ ಮಲ್ಲಿ."

"ನೋಡ್ಲಿ."

ಅವನು ಚಪ್ಪಲಿ ತಂದು ಅವಳ ಕಾಲ ಹತ್ತಿರ ಇಟ್ಟ. ಅವಳು ಮೆಟ್ಟಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ನಡೆದಳು.

ತೌರಿನಲ್ಲಿ ಅವಳು ದೀಪಾವಳಿ ಕಳೆಯುವ ತನಕ ಇದ್ದಳು. ಅಷ್ಟರಲ್ಲಿ ತರೀಕೆರೆಯ ಮನೆಯವರು ಮಾವನಿಗೆ ಗಂಜಿ ಕಾಯಿಸಲು ಬೇರೆ ಹೆಂಗಸನ್ನು ಗೊತ್ತುಮಾಡಿಕೊಂಡರು. ಮಠದ ಅಯ್ಯನವರು ಬಂದು ಎರಡೂ ಕಡೆ ಬುದ್ಧಿ ಹೇಳಿ ಹೋದರು. ಕೊನೆಗೊಂದು ದಿನ ಓಂಕಾರಮೂರ್ತಿ ತಾನೇ ಕಾರು ತಗೊಂಡು ಅಜ್ಜಂಪುರಕ್ಕೆ ಬಂದ. ಹಜಾರದಲ್ಲಿ ಕೂತು, ಕೊಟ್ಟ ಕಾಫಿ ಕುಡಿಯದೆ, "ಇನ್ಮೇಲೆ ಹಂಗೆ ಮಾಡಲ್ಲ," ಅಂದ.

"ಮಾಡೋಕೆ ಅವಳು ನಿಮ್ಮ ಕೈಗೆ ಸಿಗ್ಬೇಕಲ್ಲ," ಎಂದಳು ಮಲ್ಲಿಕಾಂಬ. "ಬತ್ತೀನಿ. ಅದು ಅವಳ ಮನೆ, ಬಿಟ್ಕೊಡಲ್ಲ. ಆದ್ರೆ ಆ ಕಾರು ಹತ್ತಲ್ಲ."

ಅವನು ಮಲ್ಲಿಕಾಂಬಳ ತಾಯಿಯ ಮುಖ ನೋಡಿದ, ತಂದೆಯ ಮುಖ ನೋಡಿದ. ಆಮೇಲೆ ಎದ್ದು ಕಾರಿನ ಕಡೆ ನಡೆದ.

ಹೀಗಾಗಿ ಅವತ್ತು ಮಧ್ಯಾಹ್ನ ಅಜ್ಜಂಪುರದಿಂದ ತರೀಕೆರೆಗೆ ಓಂಕಾರಮೂರ್ತಿಯ ಕಾರು ಮುಂದೆ, ಅವನ ಹೆಂಡತಿ ಮಗು ಕೂತ ಬಸ್ಸು ಹಿಂದೆ ಹೊರಟವು. ಬಸ್ಸಿನಲ್ಲಿ ಲೀಲ ಸೀಟಿನ ಮೇಲೆ ನಿಂತು ಕುಣಿದಳು, ಕೂಗಿದಳು, ಕಿಟಕಿಯ ಸರಳನ್ನು ಬಡಿದಳು. ಮುಂದಿನ ಸೀಟಿನ ಹೆಂಗಸು ತಿರುಗಿ, "ತಲೆ ಸಿಡೀತದೆ ಕಣಮ್ಮ, ಒಂಚೂರು ಸುಮ್ನಿರಿಸಬಾರದಾ?" ಅಂದಳು.

"ಇಲ್ಲ," ಎಂದಳು ಮಲ್ಲಿಕಾಂಬ. "ಇರಿಸಲ್ಲ."