ಹದಿನೈದನೆಯ ಸಂಪುಟದ ಪಾತ್ರಗಳು

ಬಚ್ಚಲುಮನೆಯ ಚಿಲಕ ಹಾಕಿ, ನಲ್ಲಿ ತಿರುಗಿಸಿ ನೀರು ಬಿಟ್ಟು, ಚೆಕಿಂಗ್‌ನವರು ಜೇಬಿನಿಂದ ಚೀಟಿ ತೆಗೆದು ನಾಲ್ಕನೆಯ ಸಲ ಓದಿಕೊಂಡರು. ನೀರಿನ ಸದ್ದಿದ್ದರೆ ಹೊರಗಿನವರು ಅಷ್ಟು ಬೇಗ ಬಾಗಿಲು ಬಡಿಯುವುದಿಲ್ಲ. ಚೀಟಿಯಲ್ಲಿದ್ದದ್ದು ಹೆಂಡತಿಯ ದುಂಡನೆಯ ಅಕ್ಷರ. ಹೆಂಡತಿಯನ್ನು ಆಚೆ ಹಾಲ್‌ನಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು.

"ಅಪ್ಪಾ, ಗಾಡಿ ಬಂತು. ಆರಾಮಾಗಿದ್ದೀರಾ ತಾನೇ?"

"ಬಂದೆ, ಬಂದೆ."

ಅಪ್ಪಾ ಎಂದು ಕರೆಯುವವಳು ಲೋಕದಲ್ಲಿ ಒಬ್ಬಳೇ ಆದ್ದರಿಂದ ಅಲ್ಲಿ ಗೊಂದಲವಿರಲಿಲ್ಲ. ಉಳಿದವರದ್ದೇ ಭಯ. ಮೂವತ್ತಮೂರು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ಚೆಕಿಂಗ್‌ನವರು ಎನ್ನಿಸಿಕೊಂಡ ಮನುಷ್ಯ ಅವರು. ಟಿಕೆಟ್ಟಿಲ್ಲದೆ ಒಮ್ಮೆ ಸಿಕ್ಕಿಬಿದ್ದವನು ಐದು ವರ್ಷದ ಮೇಲೆ ಮೀಸೆ ಬೋಳಿಸಿಕೊಂಡು ಬಂದರೂ ಫುಟ್‌ಬೋರ್ಡಿನ ಮೇಲಿಂದಲೇ ಗುರುತು ಹಿಡಿಯುತ್ತಿದ್ದರು. ಅಂಥವರಿಗೆ ಈಗ ಮುಖಗಳು ಮಳೆಯಲ್ಲಿ ನೆನೆದ ಟಿಕೆಟಿನಂತಾಗಿದ್ದವು. ಏನೋ ಬರೆದಿದೆ, ಓದಲು ಬರುವುದಿಲ್ಲ.

ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮಗಳು ಬೇರೆ ಊರಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ವರ್ಷಕ್ಕೆ ಮೂರು ಸಲ ಬರುತ್ತಾಳೆ. ಬಂದಾಗಲೆಲ್ಲ ತಾಯಿ ಎಲ್ಲ ಮಾತಿಗೂ ತಾನೇ ಮೊದಲು ಬಾಯಿ ಹಾಕಿ ಗಂಡನನ್ನು ದಡ ಸೇರಿಸುತ್ತಿದ್ದಳು. ಇವತ್ತು ಅವಳಿಲ್ಲ. ಇವತ್ತು ಒಂದು ದಿನ ತಪ್ಪಿಲ್ಲದೆ ಕಳೆದುಹೋಗಲಿ ಎಂದಷ್ಟೇ ಅವರ ಬೇಡಿಕೆ. ಮಗಳಿಗೆ ತಿಳಿದರೆ ಕಳಿಸಿಬಿಡುತ್ತಾಳೆ. ಎಲ್ಲಿಗೆ ಎನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಣ್ಣನನ್ನು ಹಾಗೆ ಕಳಿಸಿದ್ದ ಜಾಗದಲ್ಲಿ ಒಂದೇ ಕೋಣೆಗೆ ಎಂಟು ಮಂಚ, ಅಣ್ಣನ ಬಲಗೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. "ಬೀಳಬಾರದು ಅಂತ ಸರ್" ಎಂದಿದ್ದಳು ಅಲ್ಲಿಯ ನರ್ಸು. ಒಳ್ಳೆಯ ಹೆಂಗಸು. ಅವಳ ಒಳ್ಳೆಯತನ ನೆನೆದರೇ ಅವರಿಗೆ ಹೆಚ್ಚು ಹೆದರಿಕೆ.

ನಲ್ಲಿ ನಿಲ್ಲಿಸಿ, ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದರು.

*

ಹೆಂಡತಿ ಲೈಬ್ರರಿಯ ಬೈಂಡಿಂಗ್ ಕೋಣೆಯಲ್ಲಿ ಕೆಲಸ ಮಾಡಿದವಳು. ಓದುಗರು ಹರಿದದ್ದನ್ನು ಹೊಲಿಯುವುದು, ಅಂಟಿಸುವುದು. ಅಲ್ಲಿ ಎಲ್ಲರೂ ಗೋಂದಮ್ಮ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಒಂದು ಶನಿವಾರ, ಹೊಲಿಗೆ ಬಿಚ್ಚಿಹೋದ ದಪ್ಪ ಪುಸ್ತಕವೊಂದನ್ನು ಮನೆಗೇ ಹೊತ್ತು ತಂದಳು.

"ರೀ, ಸುಮ್ಮನೆ ಕೂತಿದ್ದೀರಲ್ಲ, ಈ ಪುಟಗಳನ್ನ ಸಾಲಾಗಿ ಜೋಡಿಸಿ ಕೊಡಿ."

ಡ್ಯೂಟಿ ಚಾರ್ಟು ಬಿಟ್ಟರೆ ಬೇರೇನೂ ಓದದ ಮನುಷ್ಯ ಜೋಡಿಸುತ್ತಾ ಜೋಡಿಸುತ್ತಾ ಹದಿನೇಳನೆಯ ಪುಟದಲ್ಲಿ ನಿಂತುಬಿಟ್ಟರು. ಎಳೆಯ ರಾಜನಿಗೆ ಯಾರೋ ಹಾಲಿನಲ್ಲಿ ವಿಷ ಬೆರೆಸಿದ್ದರು.

"ಹಾಕಿದ್ದು ಯಾರೇ?"

"ಆರನೇ ಸಂಪುಟದಲ್ಲಿ ಗೊತ್ತಾಗುತ್ತಂತೆ."

"ಒಟ್ಟು ಎಷ್ಟು?"

"ಹದಿನಾಲ್ಕು."

"ಸತ್ತೆವು," ಎಂದರು.

ಸಾಯಲಿಲ್ಲ, ಒಂಬತ್ತು ವರ್ಷ ಓದಿದರು. ಸಂಜೆ ಅವಳು ಗಟ್ಟಿಯಾಗಿ ಓದುವುದು, ಇವರು ಕಾಲು ಚಾಚಿ ಕೇಳುತ್ತಾ ಅಪರಾಧಿಯನ್ನು ಹಿಡಿಯುವುದು. ಮೂರು ತಲೆಮಾರು, ನಾಲ್ಕು ಕೋಟೆ, ಮುನ್ನೂರು ಜನ. ಅದರಲ್ಲಿ ಅರ್ಧಕ್ಕರ್ಧ ವೇಷ ಮರೆಸಿಕೊಂಡು ಓಡಾಡುವವರೇ. ರಾಣಿ ಹೂ ಮಾರುವವಳಾಗಿ ಬರುತ್ತಾಳೆ, ಗೂಢಚಾರ ಕುರುಡನಾಗಿ ಬರುತ್ತಾನೆ. ಲೈಬ್ರರಿಯ ಓದುಗರು ಯಾರು ಯಾರೆಂದು ತಿಳಿಯದೆ ತಲೆ ಕೆಟ್ಟು, ಮೂರನೆಯ ಸಂಪುಟಕ್ಕೇ ಕೈಮುಗಿದು ಪುಸ್ತಕ ವಾಪಸು ಕೊಡುತ್ತಿದ್ದರು. ಇದನ್ನು ಕಂಡು ಅವಳು ಪ್ರತಿ ಸಂಪುಟದ ರಟ್ಟಿನ ಒಳಬದಿಗೆ ಒಂದು ಪಾತ್ರಗಳ ಚೀಟಿ ಅಂಟಿಸತೊಡಗಿದಳು. ಮುಖ, ಮೈಬಣ್ಣ, ಉಡುಪು ಯಾವುದನ್ನೂ ಬರೆಯುತ್ತಿರಲಿಲ್ಲ. "ಮುಖ ನಂಬಬೇಡಿ, ಅಭ್ಯಾಸ ನೋಡಿ" ಎಂದು ಮೇಲೆ ಬರೆದು, ಕೆಳಗೆ: ಮಂತ್ರಿ, ಸುಳ್ಳು ಹೇಳುವ ಮುಂಚೆ ಕೆಮ್ಮುತ್ತಾನೆ. ಮುದಿ ಸೇನಾಪತಿ, ಯಾರ ಮನೆಗೆ ಹೋದರೂ ಮೊದಲು ಕುದುರೆಗೆ ನೀರು ಕೇಳುತ್ತಾನೆ. ಆ ಚೀಟಿಗಳಿಂದಾಗಿ ಊರಿನಲ್ಲಿ ಎಷ್ಟೋ ಜನ ಹದಿನಾಲ್ಕನ್ನೂ ಮುಗಿಸಿದರು.

ಗಂಡಹೆಂಡಿರು ಮುಗಿಸಿದ್ದಷ್ಟೇ ಅಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡನೆಯ ಸುತ್ತಿನ ಐದನೆಯ ಸಂಪುಟದಲ್ಲಿ ಅವರು ಅವಳನ್ನು ತಡೆದು ಕೇಳಿದರು: "ಈ ಮುದಿ ಸೇನಾಪತಿ ಯಾರು? ಹೊಸಬನಾ?"

ಅವಳು ನಕ್ಕಳು. ಹಿಂದಿನ ಸಂಜೆಯಷ್ಟೇ ಅವನ ಕುದುರೆ ಸತ್ತದ್ದಕ್ಕೆ ಈ ಮನುಷ್ಯ ಕಣ್ಣು ಒರೆಸಿಕೊಂಡಿದ್ದರು. ಗಂಡನ ಮುಖ ನೋಡಿದ ಮೇಲೆ ನಗು ನಿಂತಿತು. ಪುಸ್ತಕ ಮುಚ್ಚಿದಳು. ಇಬ್ಬರಿಗೂ ಒಂದೇ ಸಲಕ್ಕೆ ಹೆದರಿಕೆಯಾಗಿತ್ತು.

"ಮಗಳಿಗೆ ಹೇಳಬೇಡ," ಎಂದರು ಅವರು.

"ಹೇಳಲ್ಲ."

"ಆಣೆ ಮಾಡು."

"ಆಣೆಗೀಣೆ ಬೇಡ. ಹೇಳಲ್ಲ ಅಂದ್ರೆ ಹೇಳಲ್ಲ."

*

ಹಾಲ್‌ನಲ್ಲಿ ಇಪ್ಪತ್ತು ಜನರಿದ್ದರು. ಚೆಕಿಂಗ್‌ನವರು ಗೋಡೆಗೊರಗಿ ನಿಂತು, ಹೆಂಡತಿ ಚೀಟಿಯಲ್ಲಿ ಬರೆದು ತಾವು ಬಾಯಿಪಾಠ ಮಾಡಿದ್ದನ್ನು ನೆನೆದುಕೊಂಡರು. ತಮ್ಮ, ಅಂದರೆ ನನ್ನ ತಮ್ಮ: ಸುಮ್ಮಸುಮ್ಮನೆ ನಗುತ್ತಾನೆ. ಅಳಿಯ: ಕಿವಿಯಿಂದ ಫೋನು ಇಳಿಯುವುದಿಲ್ಲ. ಲೈಬ್ರರಿಯ ಹೆಡ್ ಗುಮಾಸ್ತರು: ಮಾತೆಲ್ಲ ಪಿಸುಮಾತು. ಮಗಳು: ಬಾಗಿಲಲ್ಲೇ ಮಾತು ಶುರು, ಹತ್ತು ನಿಮಿಷ ಸುಮ್ಮನಿದ್ದರೆ ಜ್ವರ ಬಂದಿದೆ ಎಂದು ತಿಳಿಯಿರಿ.

ಸುತ್ತ ನೋಡಿದರು. ಯಾರೂ ನಗುತ್ತಿರಲಿಲ್ಲ. ಯಾರ ಕೈಯಲ್ಲೂ ಫೋನಿರಲಿಲ್ಲ. ಪಿಸುಮಾತಾಡುತ್ತಿದ್ದದ್ದು ಇಡೀ ಮನೆ.

ಜೀವಮಾನವೆಲ್ಲ ತಪ್ಪು ಪುಟ ಹೊಲಿಯದವಳು ಕೊನೆಗೆ ಇಲ್ಲಿ ಎಡವಿದ್ದಳು. ಸಾವಿನ ಮನೆಯಲ್ಲಿ ಯಾರ ಅಭ್ಯಾಸವೂ ಅವರವರ ಬಳಿ ಇರುವುದಿಲ್ಲ ಎನ್ನುವುದು ಅವಳಿಗೆ ಹೊಳೆದಿರಲಿಲ್ಲ.

ಹತ್ತಿರದಲ್ಲಿ ಪಿಸುಗುಟ್ಟುತ್ತಿದ್ದ ಒಬ್ಬರನ್ನು ಧೈರ್ಯ ಮಾಡಿ ಮಾತಾಡಿಸಿದರು: "ಲೈಬ್ರರಿಗೆ ರಜೆ ಕೊಟ್ಟಿರಾ ಇವತ್ತು?"

"ನಾನು ಗಾಡಿ ಡ್ರೈವರ್ ಸರ್," ಎಂದ ಆತ. "ಹೊರಡೋಣ್ವಾ ಅಂತ ಕೇಳ್ತಿದ್ದೆ."

ಆಗಲೇ ಮೂಲೆಯಲ್ಲಿ ಒಬ್ಬರು ದನಿ ತೆಗೆದು ಅಳತೊಡಗಿದರು. "ಗೋಂದಮ್ಮಾ, ಇನ್ನು ನಮ್ಮ ಪುಸ್ತಕ ಯಾರಮ್ಮಾ ನೋಡ್ಕೋತಾರೆ!" ಮೂವತ್ತು ವರ್ಷ ಪಿಸುಮಾತಿನಲ್ಲೇ ಬದುಕಿದ ಹೆಡ್ ಗುಮಾಸ್ತರು, ಬೀದಿಗೆ ಕೇಳುವ ಹಾಗೆ.

*

ಆಸ್ಪತ್ರೆಯಲ್ಲಿ ಅವಳು ದಿಂಬಿನ ಮೇಲೆ ಕಾಗದವಿಟ್ಟುಕೊಂಡು ಎರಡು ದಿನ ಕೂತು ಆ ಚೀಟಿ ಬರೆದಿದ್ದಳು. ಹೊಟ್ಟೆಯ ಗಡ್ಡೆ ಕೈಮೀರಿದೆ ಎಂದು ಡಾಕ್ಟರು ಹೇಳಿಯಾಗಿತ್ತು.

"ಏನದು?"

"ಹದಿನೈದನೇ ಸಂಪುಟದ್ದು. ಒಂದ್ಸಲ ಓದಿ, ಅಕ್ಷರ ತಿಳಿಯುತ್ತಾ ನೋಡೋಣ."

"ನಾನು ಓದಲ್ಲ. ನೀನಿರ್ತೀಯ."

"ಓದದೆ ಹೋದ್ರೆ ಅವತ್ತು ನನ್ನ ತಮ್ಮನ್ನ ಕುರ್ಚಿ ಬಾಡಿಗೆಯವನು ಅಂದ್ಕೊಂಡು ಲೆಕ್ಕ ಕೇಳ್ತೀರಿ," ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ನೋವು ಇಳಿದ ಮೇಲೆ ಅವರ ಕೈ ಹಿಡಿದು, "ನಂಗೆ ಸಾಯೋಕೆ ಭಯ ಇಲ್ಲ ಕಣ್ರೀ," ಎಂದಳು. "ನಾನು ಹೋದ ಮಾರನೇ ದಿನ ಬಾಗಿಲು ತಟ್ಟೋರದ್ದೇ ಭಯ."

*

ಸ್ಮಶಾನದಲ್ಲಿ ಎಲ್ಲ ಮುಗಿಯುವವರೆಗೂ ಚೆಕಿಂಗ್‌ನವರು ಬಾಯಿ ಬಿಡಲಿಲ್ಲ. ದುಃಖಕ್ಕೆ ಅವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ, ಭಯವೇ ಎಲ್ಲ ಜಾಗ ಹಿಡಿದಿತ್ತು. ವಾಪಸು ಹೊರಡುವಾಗ, ಬೆಳಗಿನಿಂದ ಒಂದೇ ಸಮನೆ ಅಳುತ್ತಿದ್ದ ದಪ್ಪನೆಯ ಮನುಷ್ಯನೊಬ್ಬ ಬಂದು ಅವರ ಭುಜಕ್ಕೆ ಹಣೆಯಿಟ್ಟ. ಅವರಿಗೆ ನಿಜಕ್ಕೂ ಕರುಳು ಚುರುಕ್ ಎಂದಿತು. ಬೆನ್ನು ಸವರಿ ಕೇಳಿದರು:

"ಸಮಾಧಾನ ಮಾಡ್ಕೊಳ್ಳಿ. ತೀರಿಕೊಂಡವರು ನಿಮಗೆ ಏನಾಗಬೇಕು?"

ಅಳು ತಟಕ್ಕನೆ ನಿಂತಿತು. ಆತ ತಲೆಯೆತ್ತಿ ನೋಡಿದ.

"ಭಾವಾ... ನಂಗೆ ಅಕ್ಕ ಅಲ್ವಾ ಭಾವಾ?"

"ದುಃಖದಲ್ಲಿ ಹಾಗಾಗುತ್ತೆ ಬಿಡಿ," ಎಂದು ಹೆಡ್ ಗುಮಾಸ್ತರು ನಡುವೆ ಬಂದರು. "ಹೌದು, ಪಾಪ," ಎಂದರು ಉಳಿದವರು. ಅಳಿಯ ನೀರಿನ ಬಾಟಲಿ ತಂದು ಕೊಟ್ಟ. ಕುಡಿಯುವಾಗ ಅರ್ಧ ನೀರು ಶರ್ಟಿನ ಮೇಲೆ ಬಿತ್ತು. ಮಗಳು ಮಾತ್ರ ಅಪ್ಪನನ್ನೇ ನೋಡುತ್ತಾ ನಿಂತಿದ್ದಳು.

*

ಮನೆಗೆ ಬಂದ ಕೂಡಲೆ ಯಾರೋ ಒಣಗಿದ ಶರ್ಟು ಕೊಟ್ಟು ಒದ್ದೆಯದ್ದನ್ನು ತೆಗೆದುಕೊಂಡು ಹೋದರು. ಚೆಕಿಂಗ್‌ನವರು ಗುಂಡಿ ಹಾಕಿಕೊಂಡು, ಮಲಗುವ ಕೋಣೆಯ ಮಂಚದ ಮೇಲೆ ಕೂತು, ಅಭ್ಯಾಸದಂತೆ ಜೇಬು ಮುಟ್ಟಿ ನೋಡಿದರು. ಖಾಲಿ.

ಹೊರಗೆ ಮಾತು ನಿಂತುಹೋಯಿತು.

ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಬಾಗಿಲು ತೆರೆಯಿತು. ಕಣ್ಣು ಬಾತ ಹೆಂಗಸೊಬ್ಬಳು ಒದ್ದೆ ಕಾಗದವನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಏನಾದರೂ ಮಾತಾಡುತ್ತಾಳೆ ಎಂದು ಕಾದರು. ಆಡಲಿಲ್ಲ. ಕೊನೆಗೆ ಅವರೇ ಎದ್ದು, ಮರ್ಯಾದೆಯಿಂದ ಕೇಳಿದರು:

"ನೀವು... ಲೈಬ್ರರಿಯವರಾ?"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲು ಎಳೆದುಕೊಂಡು ಹೋದಳು.

ಮುಗಿಯಿತು, ಎಂದುಕೊಂಡರು. ಆಚೆ ಗುಸುಗುಸು ನಡೆದಿತ್ತು. ಅದರ ನಡುವೆ ಗಾಡಿ ಎಂಬ ಮಾತು ಕೇಳಿದಂತಾಯಿತು. ಆ ಎಂಟು ಮಂಚದ ಕೋಣೆಗೆ ಯಾವ ಬಟ್ಟೆ ತೆಗೆದುಕೊಂಡು ಹೋಗಬೇಕೋ ತಿಳಿಯದೆ ಕಪಾಟಿನ ಮುಂದೆ ನಿಂತರು. ಒಂದು ಶರ್ಟು ತೆಗೆದರು, ಒಳಗಿಟ್ಟರು, ಮತ್ತೆ ಅದನ್ನೇ ತೆಗೆದರು. ಅಳು ಬರುತ್ತಿತ್ತು, ಚಿಕ್ಕ ಮಕ್ಕಳಿಗೆ ಬರುವ ಹಾಗೆ.

ಬಾಗಿಲು ತಟ್ಟಿದ ಸದ್ದಾಯಿತು. ಅದೇ ಹೆಂಗಸು.

"ಅಪ್ಪಾ, ನಾನು ನಿಮ್ಮ ಮಗಳು. ಹಲ್ಲಿನ ಸೆಟ್ಟು ಮಾಡೋಳು. ಇವತ್ತು ಮಾತೇ ಹೊರಡ್ತಿಲ್ಲ ಅಪ್ಪ, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಒಳಗೆ ಬರಲಾ?"

"ಬಾ," ಎಂದರು. ಶರ್ಟು ಕೈಯಲ್ಲೇ ಇತ್ತು. "ನನ್ನನ್ನ ಅಣ್ಣ ಇದ್ದ ಕಡೆ ಕಳಿಸ್ತೀಯಾ?"

ಅವಳು ಹತ್ತಿರ ಬಂದು ಆ ಶರ್ಟನ್ನು ಮೆಲ್ಲಗೆ ಬಿಡಿಸಿಕೊಂಡಳು. "ಇಲ್ಲ ಅಪ್ಪ. ಏನು ಮಾಡ್ಬೇಕೋ ನಂಗೂ ಗೊತ್ತಿಲ್ಲ. ನಂಗೂ ಭಯ ಆಗ್ತಿದೆ. ಆದ್ರೆ ಅಲ್ಲಿಗಲ್ಲ."

ಅವಳ ಹಿಂದೆಯೇ ಒಬ್ಬ ಬಂದು ಹೊಸ್ತಿಲಲ್ಲಿ ನಿಂತ. "ಮಾವ, ನಾನು ಅಳಿಯ. ಫೋನು ಆಫ್ ಮಾಡಿದ್ದೀನಿ ಇವತ್ತು." ಹೆಡ್ ಗುಮಾಸ್ತರು ಒಡೆದ ಗಂಟಲಿನಲ್ಲಿ ತಾವು ಯಾರೆಂದು ಹೇಳಿ ಕುರ್ಚಿ ಎಳೆದುಕೊಂಡರು. ಕೊನೆಗೆ ಬಂದ ದಪ್ಪನೆಯವನು ಮುಖ ಒರೆಸಿಕೊಂಡು, "ಭಾವ, ನಾನು ನಿಮ್ಮ ಹೆಂಡತಿ ತಮ್ಮ," ಎಂದ. ನಗಲು ನೋಡಿದ, ಆಗಲಿಲ್ಲ. ಬಾಗಿಲು ಮುಂದೆ ಮಾಡಿ ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತ.

ಚೆಕಿಂಗ್‌ನವರು ಒಬ್ಬೊಬ್ಬರನ್ನೇ ನೋಡಿದರು. ಎಲ್ಲರೂ ನಮ್ಮವರೇ, ಎಲ್ಲರೂ ಬಂದಿದ್ದಾರೆ. ಮಂಚದ ಮೇಲೆ ಒಂದು ಪಕ್ಕಕ್ಕೆ ಕೂತು, ಹೊದಿಕೆಯ ಸುಕ್ಕನ್ನು ಅಂಗೈಯಿಂದ ತಿದ್ದಿ, ಬಾಗಿಲ ಕಡೆ ನೋಡಿದರು.

"ನಿಮ್ಮಮ್ಮ ಯಾಕೆ ಇನ್ನೂ ಹೊರಗೇ ನಿಂತಿದ್ದಾಳೆ?" ಎಂದು ಮಗಳನ್ನು ಕೇಳಿದರು. "ಅವಳು ಯಾರು ಅಂತ ಹೇಳೋದೆಲ್ಲ ಬೇಡ. ಸುಮ್ಮನೆ ಒಳಗೆ ಬಾ ಅನ್ನು."

ಬಾಗಿಲ ಪಕ್ಕದಲ್ಲಿದ್ದ ಹೆಂಡತಿಯ ತಮ್ಮ ಎದ್ದು, ಬಾಗಿಲನ್ನು ಪೂರ್ತಿ ತೆರೆದ.