ಅಂಚಿನ ದಪ್ಪ

ತಗಡಿನಂಗಡಿಯ ಅಕ್ಕನಿಗೆ ಇಡೀ ಪೇಟೆ ಇಟ್ಟಿದ್ದ ಹೆಸರು ತಕ್ಕಡಿಯಕ್ಕ. ಅಂಗಡಿ ಅವಳ ಅಣ್ಣನದು. ಗಂಡ ಸತ್ತ ಮೇಲೆ ಒಂದು ಪೆಟ್ಟಿಗೆ ಹಿಡಿದು ಬಂದವಳನ್ನು ಅಣ್ಣ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿ, ಕೈಗೆ ದಪ್ಪ ಅಳೆಯುವ ಸ್ಕ್ರೂಗೇಜು ಕೊಟ್ಟು ಲೆಕ್ಕ ಕಲಿಸಿದ್ದ. ಶೀಟಿನ ಉದ್ದ ಎಷ್ಟು ಮೀಟರು, ಅಗಲ ಎಷ್ಟು ಮೀಟರು, ದಪ್ಪ ಎಷ್ಟು ಮಿಲಿಮೀಟರು. ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಏಳು ಪಾಯಿಂಟ್ ಎಂಟು ಐದರಿಂದ ಗುಣಿಸಿದರೆ ಅಷ್ಟು ಕಿಲೋ. ಪಟ್ಟಿಗೂ ಅದೇ. ಪೈಪಿನ ಲೆಕ್ಕ ಬೇರೆ, ಅದಿನ್ನೂ ತಲೆನೋವು.

ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವಳು ಅವಳು. ಆದರೂ ಗಿರಾಕಿ ಕೆಮ್ಮಿ ಮುಗಿಸುವಷ್ಟರಲ್ಲಿ ಉತ್ತರ ರೆಡಿ. ಲಾರಿ ತುಂಬ ಮಾಲು ನಿಂತಿದ್ದರೂ ಕಣ್ಣಲ್ಲೇ ತೂಗಿಬಿಡುತ್ತಾಳೆ, ಡ್ರೈವರನ್ನೂ ಸೇರಿಸಿ, ಎಂದು ಜನ ಆಡಿಕೊಳ್ಳುತ್ತಿದ್ದರು. ಹದಿನೆಂಟು ವರ್ಷದಿಂದ ಆ ಅಂಗಡಿಯಲ್ಲಿ ತೂಕದ ಯಂತ್ರವೇ ಇರಲಿಲ್ಲ. ಅವಳ ಬಾಯಿಯೇ ಯಂತ್ರ. ಅವಳಿಗೂ ಆ ಬಾಯಿಯೊಂದೇ ಆಸ್ತಿ.

ಒಂದು ಬೆಳಿಗ್ಗೆ, ನೀರಿನ ಟ್ಯಾಂಕು ಮಾಡುವವನು ಸೈಕಲ್ಲಿನ ಹಿಂದೆ ಹೊಸ ತೂಕದ ಯಂತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತ.

"ಏನೋ ಟ್ಯಾಂಕು, ಹೆಂಡ್ತೀನ ತೂಗೋಕೆ ತಂದ್ಯಾ?"

"ಅಷ್ಟು ದೊಡ್ಡ ಯಂತ್ರ ಎಲ್ಲಿ ಸಿಗುತ್ತೆ ಅಕ್ಕಾ! ಇದನ್ನ ವಾಪಸ್ ಕೊಡೋಕೆ ಹೊರಟಿದ್ದೀನಿ. ಮೊನ್ನೆ ಹತ್ತು ಶೀಟು ಒಯ್ದೆನಲ್ಲ, ನೀವು ನೂರಾ ಇಪ್ಪತ್ನಾಲ್ಕು ಕಿಲೋ ಅಂದ್ರಿ. ಈ ದರಿದ್ರದ್ದು ನೂರಾ ಹದಿಮೂರು ತೋರಿಸ್ತಿದೆ. ನಿನ್ನೆ ತಂದಿದ್ದು, ಇವತ್ತೇ ಕೆಟ್ಟಿದೆ ನೋಡಿ."

ಅಕ್ಕನಿಗೆ ಹೆಮ್ಮೆಯಿಂದ ಎರಡು ಸುತ್ತು ದಪ್ಪವಾದಂತಾಯಿತು. ಆದರೂ ಅದೇ ಮಾಲಿನ ಒಂದು ಶೀಟು ಎಳೆದು, ಯಾವತ್ತಿನಂತೆ ಅಂಚಿಗೆ ಗೇಜು ಕಚ್ಚಿಸಿದಳು. ಅರ್ಧ ಮಿಲಿಮೀಟರಿನ ಮೇಲೆ ಐದು ಗೆರೆ, ಅಂದರೆ ಪಾಯಿಂಟ್ ಐದು ಐದು. ಲೆಕ್ಕ ಸರಿಯೇ ಇತ್ತು.

"ಒಂದು ತುಂಡೂ ತಂದಿದ್ದೆ," ಎಂದು ಅವನು ಜೇಬಿನಿಂದ ಅಂಗೈಯಗಲದ ತಗಡು ತೆಗೆದ. ಟ್ಯಾಂಕಿಗೆ ನಲ್ಲಿ ಕೂರಿಸಲು ಶೀಟಿನ ನಡುವಿನಿಂದ ಕತ್ತರಿಸಿದ್ದು.

ಸುಮ್ಮನೆ ಅದಕ್ಕೂ ಗೇಜು ಹಾಕಿದಳು. ಬರೀ ಅರ್ಧ. ಒರೆಸಿ ಹಾಕಿದಳು. ಅರ್ಧ. ಶೀಟಿಗೂ ಒಂದಿಂಚು ಒಳಗೆ ಗೇಜು ಹಾಕಿದಳು, ಅಲ್ಲೂ ಅರ್ಧ. ಮತ್ತೆ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಸತುವಿನಲ್ಲಿ ಅದ್ದಿ ತೆಗೆದಾಗ ಹನಿ ಇಳಿದು ಗಟ್ಟಿಯಾಗಿ, ಅಂಚಿನುದ್ದಕ್ಕೂ ಸಣ್ಣ ಏರು ಕಟ್ಟಿತ್ತು. ಹದಿನೆಂಟು ವರ್ಷ ಅವಳು ಅಳೆದದ್ದು ಆ ಏರನ್ನು.

"ಒಂದ್ನಿಮಿಷ ನಿಲ್ಲಪ್ಪಾ," ಎಂದು ಹಿಂದಿನ ಕೋಣೆಗೆ ಹೋದಳು. ಅಣ್ಣ ಪೈಪುಗಳಿಗೆ ಬಣ್ಣದ ಗುರುತು ಹಾಕುತ್ತಿದ್ದ.

"ಅಣ್ಣಾ, ಅಂಚಲ್ಲೇ ಅಳೆ ಅಂತ ಯಾಕೆ ಕಲಿಸ್ದೆ?"

ಅವನು ಬ್ರಶ್ಶು ನಿಲ್ಲಿಸಲಿಲ್ಲ. "ಗೇಜು ಒಳಗೆ ಎಟುಕಲ್ವಲ್ಲ."

"ಒಂದಿಂಚು ಒಳಗೆ ಎಟುಕುತ್ತೆ. ಈಗ ನೋಡ್ಕೊಂಡು ಬಂದೆ. ಅಂಚು ದಪ್ಪ ಇರುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಈ ಕಸುಬಲ್ಲಿ ಯಾರಿಗೆ ಗೊತ್ತಿಲ್ಲ?"

"ನಂಗೆ ಗೊತ್ತಿರ್ಲಿಲ್ಲ!"

ಆಗ ಅಣ್ಣ ತಿರುಗಿದ. ಮುಖದಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದ: "ಗೊತ್ತಿದ್ರೆ ನೀನು ಆ ತೂಕ ಹೇಳ್ತಿದ್ಯೇನೇ? ಸುಳ್ಳು ಅಂದ್ರೆ ನಿನ್ನ ನಾಲಿಗೆ ತೊದಲುತ್ತೆ, ಚಿಕ್ಕಂದಿನಿಂದ ನೋಡಿದ್ದೀನಿ. ಗೊತ್ತಿಲ್ದೆ ಎಷ್ಟು ಚೆನ್ನಾಗಿ ಹೇಳ್ತೀಯ! ಅದಕ್ಕೇ ಅಲ್ವಾ ನಿನ್ನ ಅಲ್ಲಿ ಕೂರಿಸಿದ್ದು."

ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿದ್ದು ಮರುಕದಿಂದ ಎಂದು ನಂಬಿ ಎಷ್ಟು ಸಲ ಕಣ್ಣೀರು ಹಾಕಿದ್ದಳೋ! ಆ ನೀರಿನಲ್ಲಿ ಟ್ಯಾಂಕಿನವನ ಟ್ಯಾಂಕುಗಳೆಲ್ಲ ತುಂಬಿ ಹರಿಯುತ್ತಿದ್ದವು. ಈಗ ಒಂದು ಹನಿಯೂ ಬರಲಿಲ್ಲ.

ಹೊರಗೆ ಬಂದಾಗ ಟ್ಯಾಂಕಿನವನು ಸೈಕಲ್ ತಿರುಗಿಸಿಕೊಂಡಿದ್ದ. "ವಾಪಸ್ ಕೊಟ್ಬಿಡ್ಲಾ ಅಕ್ಕಾ?"

"ಬೇಡ. ಅದು ಸರಿಯಾಗಿದೆ. ನಾನು ಹೇಳಿದ್ದೇ ತಪ್ಪು."

ಅವನು ಹಲ್ಲು ಕಿರಿದು ನಕ್ಕ. ತಕ್ಕಡಿಯಕ್ಕನ ಇನ್ನೊಂದು ತಮಾಷೆ ಅಂದುಕೊಂಡ.

"ನಗಬೇಡ್ವೋ. ಹನ್ನೊಂದು ಕಿಲೋ ಜಾಸ್ತಿ ಹೇಳಿದ್ದೀನಿ. ನಿಂಗೊಬ್ಬನಿಗೇ ಅಲ್ಲ."

"ನೀವು ತಪ್ಪು ಹೇಳೋದು ಅಂದ್ರೆ... ಬಿಡಿ ಅಕ್ಕಾ. ಮೈಗೆ ಹುಷಾರಿಲ್ವಾ?"

ನಿಜ ಹೇಳಿದರೂ ನಂಬದಷ್ಟು ಅವಳನ್ನು ನಂಬಿದ್ದ. ಅಕ್ಕ ಬೀದಿಗಿಳಿದು ಸೈಕಲ್ಲಿನ ಹಗ್ಗ ತಾನೇ ಬಿಚ್ಚಿದಳು. ಯಂತ್ರವನ್ನು ಹೊಸ್ತಿಲ ಮುಂದೆ ಎಲ್ಲರಿಗೂ ಕಾಣುವಂತೆ ಇಟ್ಟು, ಮೊದಲ ಶೀಟನ್ನು ಅದರ ಮೇಲೆ ಮಲಗಿಸಿದಳು.

"ನೀನೇ ಓದು," ಎಂದಳು. "ಗಟ್ಟಿಯಾಗಿ ಓದು."